ಮಡ್ಡಿಯವರ ಕೈ

ನಮ್ಮ ಕೈಗೆ ಎಣ್ಣೆ ಸೋಕುವಂತಿಲ್ಲ. ಅದು ಕಂಪನಿಯ ಕಾನೂನು. ಸೋಪೂ ಸೋಕುವಂತಿಲ್ಲ. ಗ್ಲೌಸೂ ಹಾಕುವಂತಿಲ್ಲ. ಬರಿಗೈ, ಬರೀ ನೀರು, ಕರಿ ಮಡ್ಡಿ. ಇಷ್ಟೇ ನಮ್ಮ ಕೆಲಸ.

ನಮ್ಮ ಕಂಪನಿಯಲ್ಲಿ ನಲ್ಲಿಗಳಿಗೆ ನಿಕಲ್ ಹೊಳಪು ಕೊಡುತ್ತಾರೆ. ಒಳಗೊಂದು ದೊಡ್ಡ ಹಾಲ್ ಇದೆ, ಅದರಲ್ಲಿ ಉದ್ದುದ್ದನೆಯ ತೊಟ್ಟಿಗಳಿವೆ. ತೊಟ್ಟಿ ತುಂಬ ಬಿಸಿ ಬಿಸಿ ಹಸಿರು ನೀರು. ಅದನ್ನು ಅಲ್ಲಿ ಯಾರೂ ನೀರು ಅನ್ನುವುದಿಲ್ಲ, ಬಾತ್ ಅನ್ನುತ್ತಾರೆ. ಬಾತ್‌ನ ಎರಡೂ ಬದಿಗೆ ಬುಟ್ಟಿಗಳನ್ನು ಇಳಿಬಿಟ್ಟಿರುತ್ತಾರೆ. ಬುಟ್ಟಿಯಲ್ಲಿ ನಿಕಲ್ ತುಂಡುಗಳು. ಕರೆಂಟು ಹರಿಸಿದರೆ ತುಂಡು ಕರಗಿ ಹೋಗಿ ನಲ್ಲಿಯ ಮೇಲೆ ಕೂರುತ್ತದೆ. ಕರಗದೆ ಉಳಿದದ್ದು ಕರಿ ಮಡ್ಡಿ. ಅದು ಬಾತ್‌ಗೆ ಬಿದ್ದರೆ ನಲ್ಲಿಯ ಮೈಯೆಲ್ಲ ಮರಳು ಮರಳು. ಹಾಗೆ ಬೀಳದಿರಲಿ ಅಂತ ಬುಟ್ಟಿಗೆ ಬಟ್ಟೆಯ ಚೀಲ ತೊಡಿಸುತ್ತಾರೆ. ಮಡ್ಡಿ ಚೀಲದಲ್ಲೇ ಉಳಿಯುತ್ತದೆ. ಚೀಲ ತುಂಬಿದರೆ ಬಿಚ್ಚಿ ಹಿತ್ತಲಿಗೆ ಎಸೆಯುತ್ತಾರೆ.

ಹಿತ್ತಲಲ್ಲಿ ನಾವಿರುತ್ತೇವೆ. ಎಲ್ಲ ಹೆಂಗಸರು. ಚೀಲವನ್ನು ತಿರುಗಿಸಿ, ಮಡ್ಡಿ ಬಳಿದು, ಕಲ್ಲಿನ ಮೇಲೆ ತಿಕ್ಕಿ, ನೀರು ತಿಳಿಯಾಗುವವರೆಗೆ ಜಾಲಿಸಿ, ತೂತು ಹುಡುಕಿ, ಹೊಲಿದು, ಒಣಗಿಸಿ ಕೊಡಬೇಕು. ಕಂಪನಿಯಲ್ಲಿ ನಮ್ಮನ್ನು ಮಡ್ಡಿಯವರು ಅನ್ನುತ್ತಾರೆ. ಮಡ್ಡಿ ತೊಳೆಯುವವರು ಅಂತಲೂ ಆಯಿತು, ತಲೆಯಲ್ಲಿ ಏನೂ ಇಲ್ಲದ ಮಡ್ಡಿಗಳು ಅಂತಲೂ ಆಯಿತು. ಒಂದೇ ಮಾತಿನಲ್ಲಿ ಎರಡು ಕೆಲಸ ಮುಗಿಯುತ್ತದೆ ಅವರಿಗೆ.

ಹಾಲಿನ ಬಾಗಿಲಲ್ಲಿ ಒಂದು ಹಳದಿ ಗೆರೆ ಇದೆ. ಮಡ್ಡಿಯವರು ಅದನ್ನು ದಾಟುವಂತಿಲ್ಲ. ನಮ್ಮ ಕಾಲು, ನಮ್ಮ ಸೀರೆ, ನಮ್ಮ ಕೂದಲು, ಎಲ್ಲವೂ ಬಾತ್‌ಗೆ ಕೊಳೆ. ತೊಳೆದ ಚೀಲವನ್ನು ಗೆರೆಯ ಈಚೆ ಇಟ್ಟು ಹಿಂದೆ ಸರಿಯಬೇಕು. ಒಳಗಿನವರು ಕೊಕ್ಕೆ ಹಾಕಿ ಎಳೆದುಕೊಳ್ಳುತ್ತಾರೆ. ನಾವು ತೊಳೆದ ಚೀಲ ಒಳಗೆ ಹೋಗಬಹುದು. ತೊಳೆದವರು ಹೋಗಬಾರದು.

ಊರಿಗೆಲ್ಲ ಹೊಳೆಯುವ ನಲ್ಲಿ ಕಳಿಸುವ ಕಂಪನಿ ಅದು. ಹಿತ್ತಲಿನ ನಮ್ಮ ನಲ್ಲಿಗೆ ತಲೆಯೇ ಇಲ್ಲ. ಇಕ್ಕಳ ಹಾಕಿ ತಿರುಗಿಸಬೇಕು.

ಎಣ್ಣೆ ಯಾಕೆ ಬೇಡ ಅಂದರೆ, ಒಂದು ತೊಟ್ಟು ಚೀಲಕ್ಕೆ ಹತ್ತಿ ಬಾತ್‌ಗೆ ಇಳಿದರೂ ಸಾಕಂತೆ, ನಲ್ಲಿಯ ಮೇಲೆ ಸೂಜಿ ಚುಚ್ಚಿದ ಹಾಗೆ ಚುಕ್ಕಿ ಏಳುತ್ತದಂತೆ. ಸೋಪಿಗೂ ಅದೇ ಮಾತು. ಗ್ಲೌಸು ಯಾಕೆ ಬೇಡ ಅಂದರೆ, ಗ್ಲೌಸು ಹಾಕಿದ ಬೆರಳಿಗೆ ಚೀಲದ ಸಣ್ಣ ತೂತು ತಿಳಿಯುವುದಿಲ್ಲ. ಬಾತ್ ಅನ್ನು ನಮ್ಮ ಕೈಯಿಂದ ಕಾಪಾಡುವುದಕ್ಕೆ ಇಷ್ಟೊಂದು ಕಾನೂನು. ನಮ್ಮ ಕೈಯನ್ನು ಬಾತ್‌ನಿಂದ ಕಾಪಾಡುವುದಕ್ಕೆ ಒಂದೂ ಇಲ್ಲ. ಹುಡುಕಿ ನೋಡಿದ್ದೇನೆ.

ಮಡ್ಡಿ ಕೈಗೆ ಹತ್ತಿದರೆ ಮೊದಲು ತುರಿಕೆ. ಬೆರಳ ಸಂದಿಯಲ್ಲಿ ಶುರುವಾಗಿ ಮಣಿಕಟ್ಟಿಗೆ ಏರುತ್ತದೆ. ಆಮೇಲೆ ಗುಳ್ಳೆ. ಗುಳ್ಳೆ ಒಡೆದು ನೀರು. ಒಣಗಿದರೆ ಬಿರುಕು. ಬಿರುಕಿನೊಳಗೆ ಮತ್ತೆ ಮಡ್ಡಿ. ಒಮ್ಮೆ ಹತ್ತಿದ ತುರಿ ಬಿಡುವುದಿಲ್ಲ. ಆಮೇಲೆ ಒಂದು ಪಿನ್ನು ಮುಟ್ಟಿದರೂ, ಒಂದು ನಾಣ್ಯ ಮುಟ್ಟಿದರೂ ಏಳುತ್ತದೆ.

ಅಮ್ಮ ಈ ಕೆಲಸಕ್ಕೆ ನನಗಿಂತ ತುಂಬ ಮುಂಚೆ ಸೇರಿದವಳು. ನಾನು ಸೇರಿದ್ದೇ ಅವಳ ಬೆರಳು ಸೂಜಿ ಹಿಡಿಯದಂತಾದ ಮೇಲೆ. ಅವಳು ತಿಕ್ಕುತ್ತಿದ್ದಳು, ನಾನು ತೂತು ಹೊಲಿಯುತ್ತಿದ್ದೆ. ಇಬ್ಬರೂ ಸೇರಿ ಒಂದೂವರೆ ಆಳು ಅಂತ ಮೇಸ್ತ್ರಿಯ ಲೆಕ್ಕ. ಅಮ್ಮನ ಅಂಗೈ ಒಣಗಿದ ಕೆರೆಯ ತಳದ ಹಾಗೆ ಸೀಳಿತ್ತು. ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಹಾಲಿನ ಗಂಡಸರು ವರ್ಷಕ್ಕೊಮ್ಮೆ ಗೇಟಿನಲ್ಲಿ ನಿಂತು ಮುಷ್ಟಿ ಎತ್ತಿ ಕೂಗುತ್ತಾರೆ, ಅದು ಬೇಕು ಇದು ಬೇಕು ಅಂತ. ಅಮ್ಮನಿಗೆ ಮುಷ್ಟಿ ಕಟ್ಟಲೇ ಬರುತ್ತಿರಲಿಲ್ಲ. ಬಂದಿದ್ದರೂ ನಮ್ಮನ್ನು ಅಲ್ಲಿ ಸೇರಿಸುತ್ತಿರಲಿಲ್ಲ. ನಾವು ಕಂಟ್ರಾಕ್ಟಿನವರು.

ನನಗೆ ಹೆಣ್ಣು ಮಗುವಾಯಿತು. ಗಂಡ ಲಾರಿಯ ಮೇಲೆ ಇರುವವನು, ಬಂದರೆ ಬಂದ. ಬಾಣಂತನ ಅಮ್ಮನದೇ. ಎಲ್ಲ ಮಾಡಿದಳು, ಮಗುವನ್ನು ಮಾತ್ರ ಬರಿಗೈಯಲ್ಲಿ ಮುಟ್ಟಲಿಲ್ಲ. ಮುಟ್ಟಿದ ಮೊದಲ ದಿನವೇ ಮಗುವಿನ ತೊಡೆಯ ಮೇಲೆ ಗೀರು ಎದ್ದಿತ್ತು, ಅದು ಕಿಟಾರನೆ ಕಿರುಚಿತ್ತು. ಅವತ್ತಿನಿಂದ ಎರಡೂ ಕೈಗೆ ಹಳೆ ಬಟ್ಟೆ ಸುತ್ತಿಕೊಂಡು ಎತ್ತಿಕೊಳ್ಳುತ್ತಿದ್ದಳು. ಬಟ್ಟೆ ಇಲ್ಲದಾಗ ಮೊಣಕೈಯಿಂದ ಸವರುತ್ತಿದ್ದಳು. ಮಗು ಅವಳ ಬೆರಳು ಹಿಡಿಯಲು ಬಂದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಿದ್ದಳು. ಅದನ್ನು ನೋಡಿದಾಗೆಲ್ಲ ನನಗೆ ಏನನ್ನಾದರೂ ಒಡೆಯಬೇಕು ಅನ್ನಿಸುತ್ತಿತ್ತು.

ಒಂದು ರಜೆಯ ದಿನ ಮಧ್ಯಾಹ್ನ ಅಮ್ಮ ಹೊಸ್ತಿಲ ಮೇಲೆ ಕೂತು ಕೈಯನ್ನು ಗಾಳಿಗೆ ಹಿಡಿದುಕೊಂಡಿದ್ದಳು. ಕಣ್ಣಲ್ಲಿ ನೀರು. ಅಳುತ್ತಿರಲಿಲ್ಲ, ಸುಮ್ಮನೆ ಇಳಿಯುತ್ತಿತ್ತು. ನಾನು ಕೊಬ್ಬರಿ ಎಣ್ಣೆಯ ಶೀಸೆ ತಂದೆ.

"ಬೇಡ ಕಣೇ. ನಾಳೆ ಕೆಲಸ ಇದೆ."

"ನಾಳೆದು ನಾಳೆ. ಕೈ ಕೊಡು."

"ಮೇಸ್ತ್ರಿಗೆ ಗೊತ್ತಾದ್ರೆ?"

"ಅವನು ಇಲ್ಲಿಗೆ ಬಂದು ನಿನ್ನ ಅಂಗೈ ನೆಕ್ತಾನಾ? ಕೊಡು ಅಂದ್ನಲ್ಲ."

ಕೊಟ್ಟಳು. ಒಂದೊಂದು ಬಿರುಕಿಗೂ ಎಣ್ಣೆ ತುಂಬಿದೆ. ಮೊದಲು ಹಲ್ಲು ಕಚ್ಚಿದಳು. ಆಮೇಲೆ ಭುಜ ಇಳಿಯಿತು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಕತ್ತಲಾಗುವ ಮುಂಚೆ ಮತ್ತೊಮ್ಮೆ ಹಚ್ಚಿದೆ. ಚರ್ಮ ಮೆತ್ತಗಾಗಿತ್ತು. ಅಮ್ಮ ತನ್ನ ಕೈಯನ್ನು ತಾನೇ ಬೇರೆ ಯಾರದ್ದೋ ಅನ್ನುವ ಹಾಗೆ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ, ಕಳ್ಳಿಯ ಹಾಗೆ, ಮಗುವಿನ ಕೆನ್ನೆಯ ಮೇಲೆ ಅಂಗೈ ಇಟ್ಟಳು. ಬರಿ ಅಂಗೈ. ಮಗು ಅಳಲಿಲ್ಲ. ಅವಳ ಹೆಬ್ಬೆರಳು ಹಿಡಿದು ಬಾಯಿಗೆ ಎಳೆದುಕೊಳ್ಳಲು ನೋಡಿತು.

"ನೋಡೇ, ನನ್ನ ಬೆರಳು ತಿಂತಾಳೆ ನಿನ್ನ ಮಗಳು!" ಅಂದಳು. ಅಷ್ಟು ಜೋರಾಗಿ ಅಮ್ಮ ನಕ್ಕಿದ್ದನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತೋ.

ಬೆಳಿಗ್ಗೆ ನಾನೆದ್ದು ಬರುವಷ್ಟರಲ್ಲಿ ಅವಳು ಬಚ್ಚಲಲ್ಲಿ ಕೂತಿದ್ದಳು. ಎಣ್ಣೆ ತೆಗೆಯಬೇಕಲ್ಲ. ಎಣ್ಣೆ ಹೋಗಬೇಕಾದರೆ ಸೋಪು ಬೇಕು. ಸೋಪೂ ಸೋಕುವಂತಿಲ್ಲ. ಅವಳು ಇಟ್ಟಿಗೆ ಪುಡಿ ಮಾಡಿಕೊಂಡು ಅದರಲ್ಲಿ ಅಂಗೈ ತಿಕ್ಕುತ್ತಿದ್ದಳು. ಬಚ್ಚಲ ನೀರು ಕೆಂಪಗೆ ಹರಿಯುತ್ತಿತ್ತು. ಇಟ್ಟಿಗೆಯ ಕೆಂಪು ಎಷ್ಟು, ಅಮ್ಮನ ಕೆಂಪು ಎಷ್ಟು ಅಂತ ಹೇಳಲು ನನಗೆ ಆಗಲಿಲ್ಲ.

"ಹೋಯ್ತು ಬಿಡು," ಅಂದಳು. "ಮೂಸಿ ನೋಡು, ವಾಸನೆ ಇದ್ಯಾ?"

ನಾನು ಮೂಸಲಿಲ್ಲ. ಮಗುವನ್ನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟು, ಇಬ್ಬರೂ ಕೆಲಸಕ್ಕೆ ಹೋದೆವು.

ಅದಾದ ಮರುದಿನ ಹಾಲಿನಲ್ಲಿ ಗಲಾಟೆ ಎದ್ದಿತು. ಬಾತ್‌ನಿಂದ ಎತ್ತಿದ ನಲ್ಲಿಗಳ ಮೇಲೆಲ್ಲ ಚುಕ್ಕಿ. ಹೊಳಪಿನ ತುಂಬ ಸೂಜಿ ಚುಚ್ಚಿದ ಗುರುತು. ನಲ್ಲಿ ನೇತುಹಾಕಿದ್ದ ಚೌಕಟ್ಟಿಗೆ ಚೌಕಟ್ಟೇ ಗುಜರಿಗೆ. ಮೇಸ್ತ್ರಿ ಒಂದು ನಲ್ಲಿ ಹಿಡಿದುಕೊಂಡು ಹಿತ್ತಲಿಗೆ ಬಂದ. ಅವನು ಹಾಲಿನ ಮೇಲ್ವಿಚಾರಕ. ಮೂಗಿಗೆ ಕರ್ಚೀಫು ಕಟ್ಟಿಕೊಳ್ಳದೆ ಹಿತ್ತಲಿಗೆ ಬಂದವನಲ್ಲ.

"ಎಲ್ಲಾ ಬನ್ನಿ. ಕೆಲಸ ಬಿಡಿ. ಗೆರೆ ಹತ್ರ ಸಾಲಾಗಿ ನಿಂತ್ಕೊಳ್ಳಿ."

ನಿಂತೆವು. ಗೆರೆಯ ಆಚೆ ಹಾಲಿನ ಗಂಡಸರು ಕೈಕಟ್ಟಿ ನೋಡುತ್ತಿದ್ದರು. ಬಾತ್‌ನ ನೀರು ಗುಳುಗುಳು ಅನ್ನುತ್ತಿತ್ತು. ಅದನ್ನು ಕಲಕಲು ತಳಕ್ಕೆ ಗಾಳಿ ಊದುತ್ತಾರೆ. ಊದುವ ಕಂಪ್ರೆಸರ್ ಗೋಡೆಯ ಪಕ್ಕ ಕೂತು ಧಡಧಡ ನಡುಗುತ್ತಿತ್ತು. ಅದರ ಹೊಟ್ಟೆಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಕೆಳಗೊಂದು ಬಾಣಲೆ ಇಟ್ಟಿದ್ದರು. ಅದು ಮುಕ್ಕಾಲು ತುಂಬಿತ್ತು. ಗೆರೆಯ ಈಚೆಯಿಂದಲೇ ನಮಗೆಲ್ಲ ಕಾಣುತ್ತಿತ್ತು.

"ಯಾರೋ ಕೈಗೆ ಎಣ್ಣೆ ಹಚ್ಕೊಂಡು ಬಂದಿದ್ದೀರಿ," ಅಂದ ಮೇಸ್ತ್ರಿ. "ಯಾರು ಅಂತ ನೀವಾಗೇ ಹೇಳಿದ್ರೆ ಸರಿ. ಇಲ್ಲ ಅಂದ್ರೆ ನಾನೇ ಹಿಡೀತೀನಿ. ಸಿಕ್ಕಿಬಿದ್ದವರು ಇವತ್ತೇ ಆಚೆಗೆ. ಅವರ ಮನೆಯವರು ಇಲ್ಲಿದ್ರೆ ಅವರೂ ಆಚೆಗೆ."

ಅಮ್ಮ ನನ್ನ ಕಡೆ ನೋಡಲಿಲ್ಲ. ನಮ್ಮ ಮನೆಯಲ್ಲಿ ಒಲೆ ಉರಿಯುವುದು ಈ ಒಂದೂವರೆ ಆಳಿನಿಂದಲೇ.

ಲ್ಯಾಬಿನ ಸಾರ್ ಬಿಳಿ ಟ್ರೇ ತಂದಿಟ್ಟರು, ಕೆಟಲಿನಿಂದ ಬಿಸಿ ನೀರು ಸುರಿದರು. ಬಾತ್‌ನ ನೀರನ್ನು ದಿನಾ ಪರೀಕ್ಷೆ ಮಾಡುವ ಹುಡುಗ ಅವರು, ಒಳ್ಳೆಯವರೇ. ಗೆರೆಯ ಹತ್ತಿರ ಬಂದರೆ ನಮ್ಮನ್ನು ಅಕ್ಕ ಅನ್ನುತ್ತಿದ್ದರು. ಅವರು ತಗ್ಗಿದ ದನಿಯಲ್ಲಿ, "ಸಾರ್, ಇದು ಕಂಪ್ರೆಸರ್ ಎಣ್ಣೆ ಕೂಡ ಇರಬಹುದು. ಗಾಳಿ ಜೊತೆ ಪೈಪಲ್ಲಿ ಹೋಗತ್ತೆ. ಫಿಲ್ಟರ್ ಹಾಕಿಲ್ಲ ನಾವು..." ಅಂದರು.

"ಅದನ್ನ ನಿಲ್ಲಿಸಿದ್ರೆ ಲೈನ್ ನಿಲ್ಲತ್ತೆ. ನಿಮ್ಮನ್ನ ಕೇಳಿದ್ನಾ ನಾನು?"

ಲ್ಯಾಬಿನ ಸಾರ್ ತಮ್ಮ ಬೂಟು ನೋಡಿಕೊಂಡರು.

ಇಷ್ಟೇ. ಕಂಪ್ರೆಸರ್ ನಿಂತರೆ ನಷ್ಟ. ನಾವು ನಿಂತರೆ ಬೇರೆಯವರು ಬರುತ್ತಾರೆ. ಅದಕ್ಕೆ ಕಂಪ್ರೆಸರ್ ಅನ್ನು ಯಾರೂ ಸಾಲಿನಲ್ಲಿ ನಿಲ್ಲಿಸಲಿಲ್ಲ.

ಮೊದಲು ಗಿಡ್ಡಕ್ಕ. ನಮ್ಮಲ್ಲಿ ಎಲ್ಲರಿಗಿಂತ ಕುಳ್ಳಿ, ಎಲ್ಲರಿಗಿಂತ ಬಾಯಿ ಜೋರು. ಮೇಸ್ತ್ರಿ ಕರ್ಚೀಫು ಇಳಿಸಿ ಅವಳ ಕೈ ಮೂಸಿದ. ಮುಖ ಕಿವುಚಿದ.

"ಚೆನ್ನಾಗಿ ಮೂಸಿ ಸಾರ್," ಅಂದಳು ಗಿಡ್ಡಕ್ಕ. "ನನ್ನ ಗಂಡನೂ ಇಷ್ಟು ಹತ್ರ ಬಂದು ಮೂಸಿಲ್ಲ."

ಒಳಗಿನ ಗಂಡಸರು ನಕ್ಕರು. ಮೇಸ್ತ್ರಿ ಅವಳ ಎರಡೂ ಕೈ ಹಿಡಿದು ಟ್ರೇಗೆ ಒತ್ತಿದ. ಗಿಡ್ಡಕ್ಕನ ನಗು ಅಲ್ಲೇ ನಿಂತಿತು. ಬಿಸಿ ನೀರು, ಒಡೆದ ಚರ್ಮ. ಅವಳ ಬಾಯಿಂದ ಹಾ ಅಂತ ಒಂದೇ ಸದ್ದು ಬಂತು. ಮೇಸ್ತ್ರಿ ಬಗ್ಗಿ ನೀರಿನ ಮೇಲೆ ಬಣ್ಣದ ಪದರ ಎದ್ದಿದೆಯಾ ಅಂತ ನೋಡಿದ. ಇಲ್ಲ.

"ಮುಂದೆ."

ಒಬ್ಬೊಬ್ಬರದೇ ಆಯಿತು. ಮೂಸುವುದು, ಒತ್ತುವುದು, ಬಗ್ಗಿ ನೋಡುವುದು. ಯಾರೂ ಕೂಗಲಿಲ್ಲ. ಕೂಗಿದರೆ ಎಣ್ಣೆ ಇದೆ ಅಂದುಕೊಂಡಾರು ಅನ್ನುವ ಭಯ. ಟ್ರೇಯ ನೀರು ಕಪ್ಪಾಯಿತು. ಚೆಲ್ಲಿ ಮತ್ತೆ ಬಿಸಿ ನೀರು ತುಂಬಿದರು.

ಅಮ್ಮನ ಸರದಿ ಬಂತು. ಅವಳು ಕೈ ಚಾಚಿದಳು. ಇಟ್ಟಿಗೆ ಪುಡಿ ತಿಕ್ಕಿದ ಅಂಗೈಯಲ್ಲಿ ಹಸಿ ಮಾಂಸ ಕಾಣುತ್ತಿತ್ತು. ಲ್ಯಾಬಿನ ಸಾರ್ ಮುಖ ತಿರುಗಿಸಿದರು. ಮೇಸ್ತ್ರಿ ತಿರುಗಿಸಲಿಲ್ಲ. ನಾನು ಅಮ್ಮನ ಮಣಿಕಟ್ಟು ಹಿಡಿದುಕೊಂಡೆ.

"ಅಮ್ಮ ಅದ್ದಲ್ಲ."

"ಯಾಕಂತೆ?"

"ಕೈ ನೋಡಿ ಸಾರ್. ಬಿಸಿ ನೀರಿಗೆ ಹಾಕೋ ಕೈನಾ ಇದು?"

"ಕೈ ನೋಡೋಕೇ ಅಲ್ವಾ ಕರೆದಿರೋದು? ಬಿಡು."

"ಬಿಡಲ್ಲ. ಎಣ್ಣೆ ಹಚ್ಚಿದ್ದು ನಾನು. ಅವಳು ಬೇಡ ಅಂದ್ಳು, ನಾನೇ ಹಚ್ಚಿದ್ದು. ಇನ್ನೊಂದ್ಸಲನೂ ಹಚ್ತೀನಿ."

"ಬಾಯ್ಮುಚ್ಚೇ," ಅಂದಳು ಅಮ್ಮ, ಹಲ್ಲು ಕಚ್ಚಿ.

ಮೇಸ್ತ್ರಿಗೆ ಸಿಟ್ಟೇ ಬರಲಿಲ್ಲ. ಹುಡುಕಿದ್ದು ಸಿಕ್ಕಿದ ಸಮಾಧಾನ ಅವನ ಮುಖದಲ್ಲಿತ್ತು. "ಯಾಕೆ ಹಚ್ಚಿದೆ?"

"ನೋಯ್ತಿತ್ತು."

"ನೋವಿದ್ರೆ ನಿಮ್ಮನೇಲಿ ಇಟ್ಕೊಳ್ಳಿ. ಬಾತ್‌ಗೆ ಯಾಕೆ ತರ್ತೀರಿ?"

ಮೇಸ್ತ್ರಿ ಕರ್ಚೀಫನ್ನು ಮತ್ತೆ ಮೂಗಿಗೆ ಏರಿಸಿದ. ಒಳಗಿನ ಗಂಡಸರಿಗೂ ಕೇಳುವ ಹಾಗೆ ಹೇಳಿದ.

"ನಾನೇನು ಕಟುಕ ಅಲ್ಲ. ಮುದುಕಿ ಹೇಗೂ ಕೆಲಸಕ್ಕೆ ಬರಲ್ಲ ಇನ್ನು. ಎಲ್ಲರ ಮುಂದೆ ಒಂದು ಮಾತು ಹೇಳ್ಲಿ. ನನ್ನ ಕೈ ಕೊಳಕು, ನನ್ನ ಕೈಯಿಂದ ಬಾತ್ ಹಾಳಾಯ್ತು ಅಂತ. ಯಜಮಾನ್ರಿಗೆ ನಾನೂ ಏನಾದ್ರೂ ಹೇಳ್ಬೇಕಲ್ಲ? ಅಷ್ಟು ಹೇಳಿ ಅವಳು ಹೋಗ್ಲಿ. ಮಗಳನ್ನ ಇಟ್ಕೋತೀನಿ."

ಹಿಂದಿನಿಂದ ಯಾರೋ, "ಹೇಳಿಬಿಡಮ್ಮ, ಮಗು ಇದೆ ಮನೇಲಿ," ಅಂದರು. ಗಿಡ್ಡಕ್ಕನ ದನಿಯಲ್ಲ ಅದು. ಗಿಡ್ಡಕ್ಕ ಸೆರಗಿನಲ್ಲಿ ಕೈ ಸುತ್ತಿಕೊಂಡು ನೆಲ ನೋಡುತ್ತಿದ್ದಳು.

ನಾಚಿಕೆ ಇಲ್ಲದೆ ಹೇಳುತ್ತೇನೆ, ಅಮ್ಮ ಹೇಳಿಬಿಡಲಿ ಅಂತ ನನಗೂ ಒಂದು ಗಳಿಗೆ ಅನ್ನಿಸಿತು. ಒಂದು ಮಾತು. ಮಾತಿಗೇನು, ಗಾಳಿಗೆ ಹೋಗುತ್ತದೆ. ಮಗುವಿನ ಹಾಲು ಗಾಳಿಯಿಂದ ಬರುವುದಿಲ್ಲ.

ಅಮ್ಮ ನನ್ನ ಹಿಡಿತದಿಂದ ಮಣಿಕಟ್ಟು ಬಿಡಿಸಿಕೊಂಡಳು. ಸೆರಗು ಸರಿ ಮಾಡಿಕೊಂಡಳು. ಹೇಳಲು ಹೊರಟವಳ ಹಾಗೇ ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಇನ್ನೊಂದು. ಅದು ಹಳದಿ ಗೆರೆಯ ಆಚೆ ಬಿತ್ತು.

"ಏ ಮುದುಕಿ, ಗೆರೆ!"

ಅವಳು ನಿಲ್ಲಲಿಲ್ಲ. ಓಡಲೂ ಇಲ್ಲ. ಇಷ್ಟು ವರ್ಷ ಬಾಗಿಲಿಂದ ನೋಡಿದ್ದ ಹಾಲಿನೊಳಗೆ, ಮನೆಯ ಅಂಗಳದಲ್ಲಿ ನಡೆಯುವ ಹಾಗೆ ನಡೆದಳು. ಗಂಡಸರು ದಾರಿ ಬಿಟ್ಟರು. ಅಡ್ಡ ಬರಬೇಕೋ ಬೇಡವೋ ಅವರಿಗೆ ತಿಳಿಯಲಿಲ್ಲ. ಬಂದರೆ ಅವಳನ್ನು ಮುಟ್ಟಬೇಕಲ್ಲ. ಅವಳು ಸೀದಾ ಕಂಪ್ರೆಸರ್ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಬಾಣಲೆಯ ಎಣ್ಣೆಗೆ ಎರಡೂ ಕೈ ಅದ್ದಿದಳು.

ಒಂದು ಕ್ಷಣ ಅವಳ ಮುಖ ಸಡಿಲಾಯಿತು. ಅದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಆ ಹೊಲಸು ಎಣ್ಣೆ, ಕಬ್ಬಿಣದ ಚೂರು ತುಂಬಿದ ಎಣ್ಣೆ, ಅದೂ ನನ್ನ ಅಮ್ಮನ ಕೈಗೆ ತಂಪಾಗಿತ್ತು. ನೆಟ್ಟಗೆ ಒಂದು ಡಬ್ಬಿ ಮುಲಾಮು ಕೊಡದ ಕಂಪನಿಯಲ್ಲಿ, ಅವಳಿಗೆ ಸಿಕ್ಕ ಮೊದಲ ಮದ್ದು ಅದು.

ಎದ್ದಳು. ಮೊಣಕೈಯವರೆಗೂ ಕಪ್ಪು ಎಣ್ಣೆ ಇಳಿಯುತ್ತಿತ್ತು. ಮೇಸ್ತ್ರಿಯ ಕಡೆ ತಿರುಗಿ ಕೈ ಚಾಚಿದಳು.

"ಇದನ್ನ ಮೂಸಪ್ಪ. ಇದು ಯಾರ ಎಣ್ಣೆ?"

ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ.

"ನನ್ನ ಕೈ ಕೊಳಕು ಅಂತ ಹೇಳ್ಬೇಕು ತಾನೆ ನಾನು? ಈ ಬಾತ್ ಕೊಳೇನ ಇಷ್ಟು ವರ್ಷ ಯಾವ ಕೈ ತೆಗೀತು? ನಿಂದಾ?"

ಅಷ್ಟು ಹೇಳಿ, ಅವಳು ತೊಟ್ಟಿಯ ಅಂಚಿಗೆ ಹೊಟ್ಟೆ ಆನಿಸಿ ಬಗ್ಗಿದಳು. ಎರಡೂ ಕೈ ಹಸಿರು ನೀರಿನೊಳಗೆ ಇಳಿದವು. ಮೊಣಕೈ ಮುಳುಗಿತು.

"ಬಾತ್!" ಅಂತ ಕಿರುಚಿದ ಮೇಸ್ತ್ರಿ. "ಬಾತ್ ಹೋಯ್ತು! ಎಳೀರೋ! ಬಾತ್! ಬಾತ್!"

ಬಿಸಿ ನೀರು, ಉಪ್ಪು, ಆಮ್ಲ, ಹಸಿ ಗಾಯ. ಅಮ್ಮನ ಬೆನ್ನು ನಡುಗುತ್ತಿದ್ದುದು ನನಗೆ ಗೆರೆಯ ಈಚೆಯಿಂದಲೂ ಕಂಡಿತು. ಅವಳು ಕೈ ತೆಗೆಯಲಿಲ್ಲ. ಒಳಗೇ ಎರಡೂ ಕೈಯನ್ನು ಒಂದಕ್ಕೊಂದು ತಿಕ್ಕಿದಳು, ಚೀಲ ತಿಕ್ಕುವ ಹಾಗೆ, ಅಷ್ಟೇ ಶ್ರದ್ಧೆಯಿಂದ. ಹಸಿರಿನ ಮೇಲೆ ಬಣ್ಣ ಬಣ್ಣದ ಪದರ ಎದ್ದು ತೊಟ್ಟಿಯ ಉದ್ದಕ್ಕೂ ಹರಡಿತು. ಟ್ರೇಯಲ್ಲಿ ಅಷ್ಟು ಹೊತ್ತು ಹುಡುಕಿದ್ದ ಪದರ.

ನಾನು ಗೆರೆ ದಾಟಿ ಓಡಿದೆ. ನಾನು ಮುಟ್ಟಿದ ಮೇಲೆಯೇ ಅವಳು ಕೈ ಎತ್ತಿದ್ದು. ತಲೆಯಿಲ್ಲದ ನಲ್ಲಿಯ ತಣ್ಣೀರಿಗೆ ಹಿಡಿಸೋಣ ಅಂತ ಹಿತ್ತಲಿಗೆ ಕರೆದುಕೊಂಡು ಬಂದೆ. ಇಕ್ಕಳ ಹಿಡಿದು ಗಿಡ್ಡಕ್ಕ ಆಗಲೇ ನೀರು ಬಿಟ್ಟಿದ್ದಳು. ಬರುವಾಗ ಆ ಬಿಳಿ ಟ್ರೇಯನ್ನು ಕಾಲಲ್ಲಿ ಒದ್ದು ಬಂದಿದ್ದಳು, ಅದು ಹಳದಿ ಗೆರೆಯ ಮೇಲೆ ಬೋರಲು ಬಿದ್ದಿತ್ತು. ಅಮ್ಮನ ಕೈಯ ಮೇಲೆ ಬೊಗಸೆ ಬೊಗಸೆ ನೀರು ಹಾಕಿದಳು.

ಒಳಗೆ ಕಂಪ್ರೆಸರ್ ನಿಂತಿತು. ಆ ಸದ್ದು ನಿಂತಿದ್ದನ್ನು ನಾವು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಕೇಳಿದ್ದು ಅವತ್ತೇ. ಹೊಳಪಿಗೆ ಹಾಕಿದ್ದ ನಲ್ಲಿಗಳನ್ನು ಎತ್ತುತ್ತಿದ್ದರು, ಯಾರ್ಯಾರನ್ನೋ ಕರೆಯುತ್ತಿದ್ದರು, ಬಾತ್‌ಗೆ ಏನು ಮಾಡುವುದು ಬಾತ್‌ಗೆ ಏನು ಮಾಡುವುದು ಅನ್ನುತ್ತಿದ್ದರು. ಅಮ್ಮನ ಕೈ ಏನಾಯಿತು ಅಂತ ಹಾಲಿನಿಂದ ಒಬ್ಬರೂ ಬಂದು ಕೇಳಲಿಲ್ಲ. ಲ್ಯಾಬಿನ ಸಾರ್ ಬಾಗಿಲವರೆಗೆ ಬಂದರು. ಗೆರೆಯ ಹತ್ತಿರ ನಿಂತರು. ಹಿಂದಕ್ಕೆ ಹೋದರು.

ಕೆಲಸ ಹೋಯಿತು, ಇಬ್ಬರದೂ. ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಊಟದ ಡಬ್ಬಿ ತೆಗೆದುಕೊಂಡು ಹೊರಟೆವು. ದಾರಿಯಲ್ಲಿ ನನಗೆ ಅಮ್ಮನ ಮೇಲೇ ಸಿಟ್ಟು ಬಂತು. "ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲಮ್ಮ," ಅಂದೆ. ಅಂದ ಮೇಲೆ ನನ್ನ ನಾಲಿಗೆ ಕಚ್ಚಿಕೊಂಡೆ.

"ಆಗ್ತಿತ್ತು," ಅಂದಳು ಅವಳು. "ಅದೇ ಕೈಯಲ್ಲಿ ಮಗೂನ ಹೇಗೆ ಎತ್ಕೊಳ್ಳಲಿ ಆಮೇಲೆ?"

ಹಿಂಬದಿ ಗೇಟಿನಲ್ಲಿ ಕಾವಲಿನವನು ಕೂತಿದ್ದ. ನಾವು ತೊಳೆದ ಮಡ್ಡಿಯಲ್ಲಿ ಇನ್ನೂ ನಿಕಲ್ ಇರುತ್ತದೆ. ಅದನ್ನು ಒಣಗಿಸಿ ಡ್ರಮ್ಮಿಗೆ ತುಂಬಿ ಬೀಗ ಹಾಕುತ್ತಾರೆ. ನಮ್ಮ ಕೈಗಿಲ್ಲದ ಬೆಲೆ ಅದಕ್ಕಿದೆ. ನಾವು ಉಗುರಲ್ಲಿ ಇಟ್ಟುಕೊಂಡು ಕದ್ದು ಹೋಗಬಾರದು ಅಂತ ದಿನಾ ಸಂಜೆ ಅವನು ಪ್ರತಿಯೊಬ್ಬರ ಕೈ ನೋಡಿಯೇ ಬಿಡುವುದು. ಒಳಗಿನ ಸುದ್ದಿ ಅವನಿಗೆ ಇನ್ನೂ ಮುಟ್ಟಿರಲಿಲ್ಲ.

"ಏನು ಇಷ್ಟು ಬೇಗ? ಕೈ ತೋರಿಸಿ."

ಇಷ್ಟು ವರ್ಷ ಆ ಮಾತಿಗೆ ಅಮ್ಮನ ಕೈ ತಾನಾಗಿ ಮುಂದೆ ಬರುತ್ತಿತ್ತು. ಅವತ್ತು ಬರಲಿಲ್ಲ. ಗಿಡ್ಡಕ್ಕ ಸುತ್ತಿಕೊಟ್ಟ ಒದ್ದೆ ಬಟ್ಟೆಯೊಳಗೆ ಎರಡೂ ಕೈ ಹಾಗೇ ಇದ್ದವು.

"ಕೈ ತೋರಿಸಮ್ಮ ಅಂದೆ."

"ಒಳಗೇ ತೋರಿಸಿ ಬಂದೆ ಕಣಪ್ಪ," ಅಂದಳು ಅಮ್ಮ. "ಬೇಕಾದ್ರೆ ಹೋಗಿ ನೋಡ್ಕೋ."